ಕಥೆಯ ವಿಷದ ಮೀನಿಗೆ ಯಾವ ನಿಜದ ಮೀನು ಮಾದರಿ?

ಅಕ್ಕನ ಮಗ ಕೋಲಾರದಲ್ಲಿ ಡಿಪ್ಲೊಮಾ ಓದುತ್ತಾನೆ. ಅವನೂ ಮೂವರು ಗೆಳೆಯರೂ ಸೇರಿ ಮೊಬೈಲಿಗೆ ಒಂದು ಪುಟ್ಟ ಆಟ ಕಟ್ಟುತ್ತಿದ್ದಾರೆ. ಆಟ ನಡೆಯುವುದು ಒಂದು ಹಳೇ ಕೆರೆಯಲ್ಲಿ. ಕೆರೆಯ ತಳದಲ್ಲಿ ಒಂದು ವಿಷದ ಮೀನಿದೆ. ಅದರ ಹೆಸರು ನಂಜಪ್ಪ. ಹೆಸರು ನನಗೆ ತುಂಬಾ ಹಿಡಿಸಿತು. ಚಿತ್ರ ಹಿಡಿಸಲಿಲ್ಲ.

ಆ ಚಿತ್ರದಲ್ಲಿ ಏನಿರಲಿಲ್ಲ ಹೇಳಿ! ಮೈತುಂಬ ಮುಳ್ಳು. ಹಾವಿನ ಹಾಗೆ ಕೋರೆಹಲ್ಲು. ಹುಲಿಯ ಪಟ್ಟೆ. ಬಾಲದಲ್ಲಿ ಕೊಂಡಿ. ಬಾಯಿಂದ ಹಸಿರು ಹೊಗೆ. "ಇದರ ವಿಷ ಎಲ್ಲಿದೆ?" ಅಂತ ಕೇಳಿದೆ. "ಎಲ್ಲಾ ಕಡೆ ಇದೆ ಮಾವ" ಅಂದ.

ನಾನು ಮಕ್ಕಳಿಗೆ ಚಿತ್ರ ಬರೆಯಲು ಕಲಿಸುವವನು. ಮನೆಯಲ್ಲಿ ಎರಡು ಅಕ್ವೇರಿಯಂ ಇಟ್ಟುಕೊಂಡಿದ್ದೇನೆ. ಹಾಗಾಗಿ ಸುಮ್ನೆ ಇರಲಾಗಲಿಲ್ಲ. ವಿಷ ಎಲ್ಲಾ ಕಡೆ ಇರುವ ಪ್ರಾಣಿ ನೋಡುವವನಿಗೆ ಹೆದರಿಕೆ ಹುಟ್ಟಿಸುವುದಿಲ್ಲ. ಯಾವ ಜಾಗದಿಂದ ದೂರ ಇರಬೇಕು ಅಂತ ಗೊತ್ತಾದಾಗಲೇ ಹೆದರಿಕೆ. ಚೇಳನ್ನು ನೋಡಿದ ತಕ್ಷಣ ನಮ್ಮ ಕಣ್ಣು ಅದರ ಕೊಂಡಿಗೆ ಹೋಗುತ್ತದೆ ಅಲ್ವಾ? ಹಾಗೆ.

ಆದ್ದರಿಂದ ಯಾವ ಮೀನು ಚೆನ್ನಾಗಿ ಕಾಣುತ್ತದೆ ಅಂತ ಹುಡುಕುವ ಮೊದಲು ವಿಷ ಹೇಗೆ ಇನ್ನೊಬ್ಬರ ಮೈಗೆ ಸೇರುತ್ತದೆ ಅಂತ ತೀರ್ಮಾನ ಮಾಡಬೇಕು. ಇಂಗ್ಲಿಷಿನಲ್ಲಿ ತಿಂದಾಗ ಏರುವ ವಿಷಕ್ಕೆ ಪಾಯ್ಸನ್ ಅಂತಲೂ ಚುಚ್ಚಿ ಒಳಗೆ ಬಿಡುವ ವಿಷಕ್ಕೆ ವೆನಮ್ ಅಂತಲೂ ಬೇರೆ ಬೇರೆ ಪದ ಇವೆ. ನಮಗೆ ಎರಡೂ ವಿಷವೇ. ಆದರೆ ಕಥೆಯಲ್ಲಿ ನಮ್ಮ ಹಿರಿಯರು ಈ ವ್ಯತ್ಯಾಸ ಚೆನ್ನಾಗಿ ಗುರುತಿಸಿದ್ದಾರೆ. ತಿಂದವನ ಹೊಟ್ಟೆಯೊಳಗಿಂದ ಕೊಲ್ಲುವವನು ವಾತಾಪಿ. ಮುಟ್ಟಿದವನನ್ನು ಕುಟುಕುವುದು ಚೇಳು. ನಾನು ಮೀನುಗಳನ್ನೂ ಹಾಗೇ ಎರಡು ಗುಂಪು ಮಾಡಿ ಹುಡುಗರ ಮುಂದಿಟ್ಟೆ. ಎರಡಕ್ಕೂ ಸೇರದ ಒಂದೆರಡು ಉಳಿದವು. ಅವನ್ನು ಕೊನೆಗೆ ಹೇಳುತ್ತೇನೆ.

ವಾತಾಪಿಯ ಗುಂಪು: ಪಫರ್ ಮೀನು

ವಾತಾಪಿಯ ಕಥೆ ಗೊತ್ತಲ್ಲ? ಇಲ್ವಲ ತಮ್ಮನನ್ನು ಆಡು ಮಾಡಿ, ಕಡಿದು ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ. ಉಂಡ ಮೇಲೆ "ವಾತಾಪಿ, ಬಾ" ಅಂತ ಕೂಗಿದರೆ ಅವನು ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರ ಹೊಟ್ಟೆಯಲ್ಲಿ ಮಾತ್ರ ಆ ಆಟ ನಡೆಯಲಿಲ್ಲ.

ಪಫರ್ ಮೀನಿನದು ಅದೇ ಲೆಕ್ಕ. ತನ್ನ ಪಾಡಿಗೆ ಇರುತ್ತದೆ. ಕೈಯಲ್ಲಿ ಹಿಡಿದ ಮಾತ್ರಕ್ಕೆ ವಿಷ ಏರುವುದಿಲ್ಲ. ತಿಂದರೆ ಮಾತ್ರ ಕಥೆ ಮುಗಿಯಿತು. ಪಿತ್ತಜನಕಾಂಗ ಮತ್ತು ಮೊಟ್ಟೆಯ ಚೀಲದಲ್ಲಿ ವಿಷ ಜಾಸ್ತಿ, ಕೆಲವು ಜಾತಿಗಳಲ್ಲಿ ಚರ್ಮದಲ್ಲೂ ಇದೆ. ಈ ವಿಷಕ್ಕೆ ಟೆಟ್ರೊಡೊಟಾಕ್ಸಿನ್ ಅಂತ ಹೆಸರಿಟ್ಟದ್ದು ಜಪಾನಿನ ತಾಹಾರಾ ಯೋಷಿಝುಮಿ, 1909ರಲ್ಲಿ. ನಮ್ಮ ನರಗಳಲ್ಲಿ ಸೋಡಿಯಂ ಒಳಗೆ ಬರಲು ಸಣ್ಣ ಬಾಗಿಲುಗಳಿರುತ್ತವೆ. ಈ ವಿಷ ಆ ಬಾಗಿಲಿಗೆ ಬಿರಡೆ ಜಡಿಯುತ್ತದೆ. ಮೊದಲು ತುಟಿ ಜುಮ್ಮೆನ್ನುತ್ತದೆ. ಆಮೇಲೆ ಕೈಕಾಲು ಸೋಲುತ್ತವೆ. ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ನಿಲ್ಲುತ್ತವೆ. ಅಷ್ಟರ ತನಕ ಮನುಷ್ಯನಿಗೆ ಎಚ್ಚರ ಇರಬಹುದು. ಇದಕ್ಕೆ ಮದ್ದಿಲ್ಲ. ವಿಷ ಇಳಿಯುವ ತನಕ ಯಂತ್ರದಿಂದ ಉಸಿರು ಕೊಟ್ಟು ಕಾಯುವುದೊಂದೇ ದಾರಿ.

ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ 1774ರಲ್ಲಿ ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಇಂಥದೊಂದು ಮೀನಿನ ಪಿತ್ತಜನಕಾಂಗವನ್ನು ಸ್ವಲ್ಪವೇ ಸ್ವಲ್ಪ ರುಚಿ ನೋಡಿದ. ರಾತ್ರಿ ಕೈಕಾಲು ಮರಗಟ್ಟಿದವು. ಹಡಗಿನಲ್ಲಿ ಅದರ ಕರುಳು ತಿಂದ ಹಂದಿ ಬೆಳಗ್ಗೆ ಸತ್ತು ಬಿದ್ದಿತ್ತು. ಜಪಾನಿನಲ್ಲಿ ಈ ಮೀನಿಗೆ ಫುಗು ಅಂತಾರೆ. ಅದನ್ನು ಕೊಯ್ಯಲು ಬಾಣಸಿಗರಿಗೆ ಪ್ರತ್ಯೇಕ ಪರವಾನಗಿ ಬೇಕು. ಆದರೂ 1975ರಲ್ಲಿ ಕಬುಕಿ ಅನ್ನುವ ಅಲ್ಲಿನ ಸಾಂಪ್ರದಾಯಿಕ ನಾಟಕದ ನಟ ಬಾಂದೊ ಮಿತ್ಸುಗೊರೊ ಫುಗುವಿನ ಪಿತ್ತಜನಕಾಂಗ ಬೇಕೇ ಬೇಕು ಅಂತ ತಿಂದು ತೀರಿಕೊಂಡರು. ಒಂದು ತಟ್ಟೆ ಸಾಲದೆ ನಾಲ್ಕು ತಟ್ಟೆ ತಿಂದಿದ್ದರು.

ಹುಡುಗರಿಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಬೇರೆ. ಪಫರ್ ಈ ವಿಷವನ್ನು ತಾನೇ ತಯಾರಿಸುವುದಿಲ್ಲ. ವಿಷ ತಯಾರಿಸುವುದು ಬ್ಯಾಕ್ಟೀರಿಯಾ. ಅದು ಸಣ್ಣ ಜೀವಿಗಳ ಮೂಲಕ, ಊಟದ ಜೊತೆ ಮೀನಿನ ಮೈ ಸೇರುತ್ತದೆ. ತೊಟ್ಟಿಯಲ್ಲಿ ಸಾಕಿ ಶುದ್ಧ ಆಹಾರ ಹಾಕಿದ ಫುಗುವಿನಲ್ಲಿ ವಿಷವೇ ಇರುವುದಿಲ್ಲ. ಅಂದರೆ ಎಂಥ ನೀರು, ಎಂಥ ಊಟ, ಅಂಥ ವಿಷ. ಕಥೆ ಕಟ್ಟುವವನಿಗೆ ಇದು ಚಿನ್ನದ ಗಟ್ಟಿ.

ರೂಪಕ್ಕೆ ಬಂದರೆ ಪಫರ್ ಒಂದು ರೀತಿ ಹಾಸ್ಯಗಾರ. ಈಜು ನಿಧಾನ. ಬೇರೆ ಮೀನಿನ ಹಾಗೆ ಮೈ ಬಳುಕಿಸಿ ನುಗ್ಗುವುದಿಲ್ಲ. ಪುಟ್ಟ ರೆಕ್ಕೆಗಳನ್ನು ಪಟಪಟ ಆಡಿಸುತ್ತಾ ಹೆಲಿಕಾಪ್ಟರ್ ಹಾಗೆ ನಿಂತಲ್ಲೇ ನಿಲ್ಲುತ್ತದೆ. ಹೆದರಿದರೆ ನೀರು ನುಂಗಿ ಚೆಂಡಾಗುತ್ತದೆ. ಪಕ್ಕೆಲುಬು ಇಲ್ಲ, ಹೊಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಹಲ್ಲು ಕೂಡಿಕೊಂಡು ನಾಲ್ಕು ತಟ್ಟೆಗಳಾಗಿ ಗಿಳಿಯ ಕೊಕ್ಕಿನ ಹಾಗೆ ಕಾಣುತ್ತವೆ.

ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಒಂದು ಪಫರ್ ಇದೆ. ಮಲಬಾರ್ ಪಫರ್. ಬೆರಳಿನ ಎರಡು ಗೆಣ್ಣಿನಷ್ಟೂ ಉದ್ದ ಇಲ್ಲ. ನಾನು ಸಾಕಿದ್ದೆ. ಬಸವನಹುಳು ಕಂಡರೆ ಸಾಕು, ಕಣ್ಣು ತಿರುಗಿಸಿ ನೋಡುತ್ತಾ ಬೇಟೆಗೆ ಇಳಿಯುತ್ತದೆ. ಅದರ ಒಂದೊಂದು ಕಣ್ಣೂ ಬೇರೆ ಬೇರೆ ಕಡೆ ತಿರುಗುತ್ತದೆ. ಪುಟ್ಟ ಮೈಯಲ್ಲಿ ಅಷ್ಟು ಗತ್ತು ನಾನು ಬೇರೆ ಯಾವ ಮೀನಿನಲ್ಲೂ ಕಂಡಿಲ್ಲ. ನಿಮ್ಮ ಪ್ರಾಣಿ ಸಿಹಿನೀರಿನದಾದರೆ, ಸಮುದ್ರದ ಮೀನು ಕೆರೆಗೆ ಹೇಗೆ ಬಂತು ಅಂತ ಯಾರೂ ಕೇಳಬಾರದು ಅಂತಿದ್ದರೆ, ಇದನ್ನು ನೋಡಿ ಬರೆಯಿರಿ.

ಯಾರು ಪಫರ್ ಆರಿಸಬಾರದು? ಪ್ರಾಣಿ ಹೊಡೆದಾಡಬೇಕು ಅನ್ನುವವರು. ವಾತಾಪಿಯನ್ನು ಯಾರಾದರೂ ನುಂಗಬೇಕು. ನುಂಗುವವರು ಇಲ್ಲದಿದ್ದರೆ ವಾತಾಪಿ ಸುಮ್ನೆ ಒಂದು ಆಡು.

ಮುಳ್ಳುಹಂದಿ ಮೀನು, ಮತ್ತು ಒಂದು ಹಳೇ ಆಟದ ಪಾಠ

ಪಫರ್‌ನ ದಾಯಾದಿ ಒಂದಿದೆ. ಇಂಗ್ಲಿಷಿನಲ್ಲಿ ಪೋರ್ಕುಪೈನ್ ಫಿಶ್. ಮುಳ್ಳುಹಂದಿ ಮೀನು ಅನ್ನೋಣ. ಇದೂ ಉಬ್ಬುತ್ತದೆ. ಆದರೆ ಪಫರ್‌ಗೆ ಇರುವುದು ಬರೀ ತರಿ, ಇದಕ್ಕೆ ನಿಜವಾದ ಉದ್ದ ಮುಳ್ಳು. ಹುರುಪೆಯೇ ಬದಲಾಗಿ ಮುಳ್ಳಾಗಿದೆ. ಮಾಮೂಲಿ ಹೊತ್ತಿನಲ್ಲಿ ಮುಳ್ಳುಗಳು ಮೈಗೆ ಅಂಟಿ ಮಲಗಿರುತ್ತವೆ. ಉಬ್ಬಿದಾಗ ಎದ್ದು ನಿಲ್ಲುತ್ತವೆ. ಆ ಮುಳ್ಳಲ್ಲಿ ವಿಷ ಇಲ್ಲ! ಒಕಿನಾವಾ ದ್ವೀಪದಲ್ಲಿ ಈ ಮೀನಿನ ಚರ್ಮ ಸುಲಿದು ಸಾರು ಮಾಡಿ ಕುಡಿಯುತ್ತಾರೆ. ಪೆಸಿಫಿಕ್‌ನ ಕಿರಿಬಾಟಿ ದ್ವೀಪಗಳಲ್ಲಿ ಹಿಂದೆ ಯೋಧರು ಉಬ್ಬಿದ ಮೀನನ್ನು ಒಣಗಿಸಿ ಶಿರಸ್ತ್ರಾಣ ಮಾಡಿ ಹಾಕಿಕೊಳ್ಳುತ್ತಿದ್ದರು.

ಪೋಕೆಮಾನ್ ಅನ್ನುವ ಜಪಾನಿನ ವಿಡಿಯೋ ಗೇಮ್ ಆಡಿದವರಿಗೆ ಅದರಲ್ಲಿನ ಕ್ವಿಲ್‌ಫಿಶ್ ನೆನಪಿರಬಹುದು. 1999ರಲ್ಲಿ ಬಂದ ಎರಡನೇ ತಲೆಮಾರಿನ ಆಟದಲ್ಲಿ ಸೇರಿದ್ದು. ನೀರು ಮತ್ತು ವಿಷ ಎರಡೂ ಬಗೆಗೆ ಸೇರಿದ ಪ್ರಾಣಿ. ನೀರು ಕುಡಿದು ಉಬ್ಬಿ ವಿಷದ ಮುಳ್ಳು ಎಸೆಯುತ್ತದೆ ಅಂತ ಆಟದ ವಿವರಣೆ. ಜಪಾನಿ ಹೆಸರು ಹಾರೀಸೆನ್. ಅಲ್ಲಿ ಮುಳ್ಳುಹಂದಿ ಮೀನನ್ನು ಹರಿಸೆನ್‌ಬೊನ್ ಅಂತಾರೆ, ಅಂದರೆ ಸಾವಿರ ಸೂಜಿ. (ನಿಜದ ಮೀನಿನಲ್ಲಿ ಅಷ್ಟೊಂದು ಇರುವುದಿಲ್ಲ.) ಜಪಾನಿನ ಮಕ್ಕಳು ಕಿರುಬೆರಳು ಹೆಣೆದು ಆಣೆ ಮಾಡುವಾಗ "ಸುಳ್ಳು ಹೇಳಿದರೆ ಸಾವಿರ ಸೂಜಿ ನುಂಗಿಸುತ್ತೇನೆ" ಅನ್ನುವಾಗಲೂ ಅದೇ ಮಾತು ಬರುತ್ತದೆ.

ಈ ಕ್ವಿಲ್‌ಫಿಶ್ ಅನ್ನು ಬಿಡಿಸಿ ನೋಡಿದರೆ ಕಸುಬು ಗೊತ್ತಾಗುತ್ತದೆ. ಹೆಸರು ಮತ್ತು ಮುಳ್ಳು ಮುಳ್ಳುಹಂದಿ ಮೀನಿನದು. ವಿಷದ ಮೀನು ಅನ್ನುವ ಹೆಸರು ಬಂದದ್ದು ಪಫರ್ ಕಡೆಯಿಂದ. ಮುಳ್ಳಿನಿಂದ ವಿಷ ಏರಿಸುವುದು ಚೇಳಿನ ಗುಂಪಿನ ಮೀನುಗಳ ಕೆಲಸ. ಎಸೆಯುವುದು ಮಾತ್ರ ಯಾವ ಮೀನಿನದೂ ಅಲ್ಲ. ಮುಳ್ಳುಹಂದಿ ಮುಳ್ಳು ಎಸೆಯುತ್ತದೆ ಅಂತ ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರೆ. ಅದು ಎಸೆಯುವುದಿಲ್ಲ. ಹಿಂದಕ್ಕೆ ನುಗ್ಗಿದಾಗ ಮುಳ್ಳು ನಾಟಿ ಕಳಚಿಕೊಳ್ಳುತ್ತದೆ ಅಷ್ಟೇ. ಇಲ್ಲಿ ಅದೇ ನಂಬಿಕೆ ನೀರಿಗೆ ಇಳಿದಿದೆ.

ಇಷ್ಟೆಲ್ಲ ಬೆರಕೆ ಇದ್ದರೂ ಕ್ವಿಲ್‌ಫಿಶ್ ಗೆಲ್ಲುತ್ತದೆ. ಯಾಕೆಂದರೆ ನೋಡುವವನಿಗೆ ಕಾಣುವುದು ಒಂದೇ ಸಂಗತಿ: ಮುಳ್ಳಿನ ಚೆಂಡು. ಅಕ್ಕನ ಮಗನ ನಂಜಪ್ಪನಲ್ಲೂ ಬೆರಕೆ ಇತ್ತು. ಆದರೆ ಎಲ್ಲವೂ ಒಟ್ಟಿಗೆ ಕೂಗುತ್ತಿದ್ದವು. 2022ರ ಆಟದಲ್ಲಿ ಇದೇ ಕ್ವಿಲ್‌ಫಿಶ್‌ನ ಕಪ್ಪು ತಳಿಯೊಂದು ಬಂತು, ಬೇರೆ ಸೀಮೆಯದು ಅಂತ ಹೇಳಿ. ಹಂದರ ಅದೇ, ಸೀಮೆ ಬೇರೆ. ಕೋಲಾರದ ತಳಿ ಮಾಡುವವರಿಗೆ ಇದೊಂದು ಒಳ್ಳೇ ದಾರಿ.

ಕಾಗದದ ಮುಖವಾಡ, ಶಾಲೆಯ ನಾಟಕ, ಗಣೇಶನ ಹಬ್ಬದ ಸೆಟ್ಟು ಮಾಡುವವರು ಬೇರೆ ಏನೂ ಯೋಚಿಸದೆ ಮುಳ್ಳುಹಂದಿ ಮೀನು ಆರಿಸಿಕೊಳ್ಳಿ. ಬಲೂನಿನ ಮೇಲೆ ಮೈದಾ ಅಂಟು ಹಚ್ಚಿದ ಪೇಪರ್ ಐದಾರು ಪದರ, ಒಣಗಿದ ಮೇಲೆ ಪೊರಕೆ ಕಡ್ಡಿ ಚುಚ್ಚಿದರೆ ಆಯಿತು. ಇದಕ್ಕಿಂತ ಅಗ್ಗದ ರಾಕ್ಷಸ ಸಿಗುವುದಿಲ್ಲ.

ಚೇಳಿನ ಗುಂಪು

ಚುಚ್ಚುವ ಮೀನುಗಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮೊದಲು ಇನ್ನೂರು ಜಾತಿ ಇರಬಹುದು ಅನ್ನುತ್ತಿದ್ದರು. 2006ರಲ್ಲಿ ಬಂದ ಅಧ್ಯಯನ 1,200ಕ್ಕೂ ಹೆಚ್ಚು ಅಂತ ಲೆಕ್ಕ ಹಾಕಿತು. ಆದರೆ ಇವುಗಳಲ್ಲಿ ಹೆಚ್ಚು ಕಮ್ಮಿ ಎಲ್ಲವೂ ವಿಷವನ್ನು ಇಟ್ಟುಕೊಂಡಿರುವುದು ತಪ್ಪಿಸಿಕೊಳ್ಳಲು. ವಿಷ ಚುಚ್ಚಿ ಬೇಟೆಯಾಡುವ ಮೀನು ಹುಡುಕಿದರೂ ಸಿಗುವುದು ಕಷ್ಟ. ಮುಳ್ಳಿನ ಮೇಲೆ ತೆಳು ಪೊರೆ, ಪೊರೆಯ ಒಳಗೆ ವಿಷದ ಗ್ರಂಥಿ. ಯಾರೋ ತುಳಿದಾಗ, ಹಿಡಿದಾಗ ಪೊರೆ ಹಿಂದೆ ಸರಿದು ವಿಷ ಗಾಯಕ್ಕೆ ಇಳಿಯುತ್ತದೆ. ತುಳಿಯುವವನ ಭಾರವೇ ಸಿರಿಂಜು ಒತ್ತುವ ಕೈ.

ಸಿಂಹಮೀನು, ಅಂದರೆ ಲಯನ್ ಫಿಶ್, ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಕೆಂಪು ಬಿಳಿ ಪಟ್ಟೆ, ಬೀಸಣಿಗೆ ಬಿಚ್ಚಿದ ಹಾಗೆ ರೆಕ್ಕೆ. ಅಷ್ಟು ಅಗಲ ಹರಡಿರುವ ಆ ಎದೆ ರೆಕ್ಕೆಗಳಲ್ಲಿ ವಿಷ ಇಲ್ಲ. ವಿಷದ ಮುಳ್ಳು ಬೆನ್ನಿನಲ್ಲಿ 13, ಹೊಟ್ಟೆಯ ಕೆಳಗೆ 2, ಬಾಲದ ಹತ್ತಿರ 3. ಎದೆ ರೆಕ್ಕೆ ಹರಡುವುದು ಸಣ್ಣ ಮೀನುಗಳನ್ನು ಮೂಲೆಗೆ ಒತ್ತಲು. ಅಟ್ಲಾಂಟಿಕ್‌ಗೆ ಇದು ಹೊರಗಿನದು. 1985ರಲ್ಲಿ ಫ್ಲೋರಿಡಾದ ಕಡಲಲ್ಲಿ ಕಂಡಿತು. ಈಗ ಕೆರಿಬಿಯನ್ ತುಂಬಾ ಹಬ್ಬಿ ಅಲ್ಲಿನ ಮೀನುಗಳನ್ನು ಖಾಲಿ ಮಾಡುತ್ತಿದೆ. ಮುಳ್ಳು ಕತ್ತರಿಸಿ ತಿಂದರೆ ಮಾಂಸಕ್ಕೆ ಏನೂ ದೋಷ ಇಲ್ಲ. ವಾತಾಪಿಗೆ ನೇರ ಉಲ್ಟಾ. ನಮ್ಮ ರಾಜ್ಯದಲ್ಲಿ ಇದನ್ನು ನೋಡಬೇಕು ಅಂದರೆ ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಮುಳುಗಬೇಕು.

ಪೋಸ್ಟರಿಗೆ, ಪುಸ್ತಕದ ಮುಖಪುಟಕ್ಕೆ ಸಿಂಹಮೀನು ಚೆನ್ನ. ಅನಿಮೇಷನ್ ಮಾಡುವವರಿಗೆ ನನ್ನ ಸಲಹೆ: ಬೇಡ. ಒಂದೊಂದು ಚಿತ್ರದಲ್ಲೂ ಅಷ್ಟೂ ಪಟ್ಟೆ ಬರೆಯುವ ಹೊತ್ತಿಗೆ ಕೈ ಬಿದ್ದುಹೋಗುತ್ತದೆ.

ಕಲ್ಲುಮೀನು ಇದಕ್ಕೆ ಪೂರ್ತಿ ವಿರುದ್ಧ. ಸ್ಟೋನ್ ಫಿಶ್. ಮೀನುಗಳಲ್ಲೆಲ್ಲ ಅತಿ ವಿಷದ್ದು ಇದೇ ಅನ್ನುತ್ತಾರೆ. ನೋಡಲು ಪಾಚಿ ಹಿಡಿದ ಕಲ್ಲು. ಬಾಯಿ ಆಕಾಶ ನೋಡುತ್ತದೆ. ಬೆನ್ನಲ್ಲಿ 13 ಮುಳ್ಳು, ಒಂದೊಂದು ಮುಳ್ಳಿಗೂ ಎರಡು ವಿಷದ ಚೀಲ. ಸಮುದ್ರದ ತಳದಲ್ಲಿ ಅಲುಗದೆ ಕೂತಿರುತ್ತದೆ. ತುಳಿದವನ ಗತಿ ಕೇಳಬೇಡಿ. ಆಸ್ಟ್ರೇಲಿಯಾದಲ್ಲಿ 1959ರಿಂದ ಇದಕ್ಕೆ ಪ್ರತಿವಿಷ ಇದೆ. ಪ್ರಥಮ ಚಿಕಿತ್ಸೆ ಅಂದರೆ ಸುಡದಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಕಾಲು ಅದ್ದುವುದು. ಈ ವಿಷ ಪ್ರೋಟೀನು, ಬಿಸಿ ತಾಗಿದರೆ ಕೆಡುತ್ತದೆ. ಆಟದಲ್ಲಿ ನಾಯಕನಿಗೆ ಮದ್ದು ಬೇಕಲ್ಲ, ಹಸಿರು ಬಾಟಲಿ ಬಿಟ್ಟು ಬಿಸಿನೀರಿನ ಹಂಡೆ ಇಡಿ ಅಂತ ಹುಡುಗರಿಗೆ ಹೇಳಿದೆ. ಅವರಿಗೆ ಅದು ಕೂಡಲೇ ಹಿಡಿಸಿತು.

ಕಲ್ಲುಮೀನಿನ ಇನ್ನೊಂದು ವಿಚಿತ್ರ ಗೊತ್ತಾದದ್ದು ಇತ್ತೀಚೆಗೆ, 2018ರಲ್ಲಿ. ಕಣ್ಣಿನ ಕೆಳಗಿನ ಒಂದು ಮೂಳೆ ಮಡಚುವ ಚಾಕುವಿನ ಹಾಗೆ ಹೊರಗೆ ತಿರುಗಿ ಲಾಕ್ ಆಗುತ್ತದೆ. ಬೇಕಾದಾಗ ಬಿಚ್ಚುತ್ತದೆ, ಬೇಡದಾಗ ಮಡಚುತ್ತದೆ. ಕಾಮಿಕ್ಸ್ ಬರೆಯುವವರು ಇದನ್ನು ಕೈಬಿಟ್ಟರೆ ನಷ್ಟ ಅವರದ್ದೇ.

ಈ ಎರಡು ಮೀನುಗಳ ನಡುವೆ ಒಂದನ್ನು ಮಾತ್ರ ಆರಿಸಿ. ಸಿಂಹಮೀನು "ನಾನು ವಿಷ, ಹತ್ತಿರ ಬರಬೇಡ" ಅಂತ ಬಣ್ಣ ತೋರಿಸುತ್ತದೆ. ಕಲ್ಲುಮೀನು "ನಾನು ಇಲ್ಲವೇ ಇಲ್ಲ" ಅನ್ನುತ್ತದೆ. ಎರಡನ್ನೂ ಒಂದೇ ಮೈಮೇಲೆ ಹೇರಿದರೆ ಪಟ್ಟೆ ಬಳಿದ ಕಲ್ಲಾಗುತ್ತದೆ, ರಸ್ತೆಯ ಮೈಲಿಗಲ್ಲಿನ ಹಾಗೆ. ಮೊದಲ ನಂಜಪ್ಪ ಹಾಗೇ ಇದ್ದ.

ತೊರಕೆ ಮೀನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಪ್ಪಟೆ ಮೈ, ಬಾಲದಲ್ಲಿ ಗರಗಸದ ಮುಳ್ಳು. 2006ರಲ್ಲಿ ಟಿವಿಯಲ್ಲಿ ಕಾಡುಪ್ರಾಣಿಗಳನ್ನು ತೋರಿಸುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಸತ್ತದ್ದು ಅದರ ಮುಳ್ಳು ಎದೆಗೆ ನಾಟಿ. ಬಾಲದ ಕೊಂಡಿ ಬೇಕೇ ಬೇಕು ಅನ್ನುವವರಿಗೆ ಅದು ಸರಿ. ಆದರೆ ಈಗಾಗಲೇ ಎಲ್ಲರೂ ಅದನ್ನೇ ಬರೆದು ಬರೆದು ಸವೆಸಿದ್ದಾರೆ.

ಮನೆ ಹಿತ್ತಲಿನ ಚೇಳು

ಇಷ್ಟು ಹೊತ್ತೂ ಸಮುದ್ರದ ಮೀನುಗಳ ಮಾತಾಯಿತು. ಕೋಲಾರದಿಂದ ಸಮುದ್ರ ಎಷ್ಟು ದೂರ! ನಮ್ಮದು ಕೆರೆಗಳ ಜಿಲ್ಲೆ. ನಮ್ಮ ಕೆರೆಯ ಕೆಸರಿನಲ್ಲೇ ಒಂದು ವಿಷದ ಮೀನಿದೆ, ಅದರ ಹೆಸರೇ ಚೇಳು ಮೀನು.

ಕಪ್ಪು ಕಂದು ಬಣ್ಣ. ಹುರುಪೆ ಇಲ್ಲದ ನುಣ್ಣನೆ ಮೈ. ಮೂತಿಯ ಸುತ್ತ ಎಂಟು ಮೀಸೆ. ಒಂದಡಿ ತನಕ ಬೆಳೆಯುತ್ತದೆ. ಎದೆ ರೆಕ್ಕೆಯ ಮುಂದೆ ಎರಡೂ ಕಡೆ ಒಂದೊಂದು ಮುಳ್ಳು, ಅಲ್ಲೇ ವಿಷ. ಹೆದರಿದಾಗ ಮುಳ್ಳನ್ನು ಹೊರಗೆ ಚಾಚಿ ಲಾಕ್ ಮಾಡಿಕೊಳ್ಳುತ್ತದೆ. ಕೆರೆ ಬತ್ತಿದಾಗ ಕೆಸರಿಗೆ ಕೈ ಹಾಕಿ ಮೀನು ಹಿಡಿಯುವವರಿಗೆ ಇದರ ಪರಿಚಯ ಚೆನ್ನಾಗಿ ಇರುತ್ತದೆ. ಚಿಕ್ಕವನಿದ್ದಾಗ ನನಗೂ ಆಗಿದೆ. ಹೆಬ್ಬೆರಳ ಬುಡದಲ್ಲಿ ಒಂದು ಸಣ್ಣ ಚುಕ್ಕೆ, ಅಷ್ಟೇ. ಆದರೆ ನೋವು ಮೊಣಕೈ ದಾಟಿ ಭುಜಕ್ಕೆ ಬಂತು. ಅತ್ತದ್ದು ಮಾತ್ರ ಮಧ್ಯರಾತ್ರಿ ತನಕ. ಅದೇ ಮೀನನ್ನು ಮನೆಯಲ್ಲಿ ಸಾರು ಮಾಡಿದ್ದರು. ನಾನು ಎರಡು ತುಂಡು ಜಾಸ್ತಿ ತಿಂದೆ. ಇದೂ ತಿನ್ನಬಹುದಾದ ಚೇಳು.

ಇದರ ವೈಜ್ಞಾನಿಕ ಹೆಸರಿನ ಎರಡನೇ ಪದ ಫಾಸಿಲಿಸ್. ಅಗೆದು ತೆಗೆದದ್ದು ಅಂತ ಅರ್ಥ. ಕೆಸರು ಅಗೆದರೆ ಸಿಗುವ ಮೀನು. ನೀರಲ್ಲಿ ಗಾಳಿ ಕಮ್ಮಿಯಾದರೂ ಇದು ಬದುಕುತ್ತದೆ. ಕಿವಿರಿನ ಹಿಂದಿನಿಂದ ಬಾಲದ ಕಡೆಗೆ ಎರಡು ಉದ್ದನೆ ಗಾಳಿಯ ಚೀಲಗಳಿವೆ. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ ಮತ್ತೆ ಕೆಳಗೆ ಹೋಗುತ್ತದೆ. ಹತ್ತು ವರ್ಷ ಬರ ಕಂಡ ಕೆರೆಯಲ್ಲಿ ಯಾರು ಉಳಿಯುತ್ತಾರೆ ಅಂದರೆ ಇಂಥವರೇ.

ಕೋಲಾರದವರಿಗೆ ಚೇಳು ಬರೀ ಪ್ರಾಣಿಯೂ ಅಲ್ಲ. ಕೋಲಾರಮ್ಮನ ಗುಡಿಯಲ್ಲೇ ಚೇಳಮ್ಮ ಇದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳು ಕುಟುಕುವುದಿಲ್ಲ ಅಂತ ನಂಬಿಕೆ. ನೆಲದಲ್ಲೇ ಕೊರೆದ ಕಲ್ಲಿನ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಒಂದು ಊರು ಚೇಳಿಗೆ ಗುಡಿಯಲ್ಲಿ ಜಾಗ ಕೊಟ್ಟಿರುವಾಗ, ಅದೇ ಊರಿನ ಕೆರೆಯಲ್ಲಿ ಚೇಳು ಮೀನು ಇರುವಾಗ, ಹುಡುಗರು ಜಪಾನಿನ ಸೂಜಿ ಚೆಂಡನ್ನು ಯಾಕೆ ಹುಡುಕಿಕೊಂಡು ಹೋಗಬೇಕು? ಇದು ನನ್ನ ಪಕ್ಷಪಾತ, ಒಪ್ಪಿಕೊಳ್ಳುತ್ತೇನೆ.

ಚೇಳು ಮೀನಿನ ದೋಷವೂ ಹೇಳಬೇಕು. ನೋಡಲು ಸಪ್ಪೆ. ಸಣ್ಣ ಪರದೆಯಲ್ಲಿ ಒಂದು ಕಪ್ಪು ಗೆರೆಯಂತೆ ಕಾಣುತ್ತದೆ. ಮುಳ್ಳು ಎರಡೇ, ಅದೂ ಚಿಕ್ಕವು. ಆದ್ದರಿಂದ ಮೀಸೆ ಮತ್ತು ಮುಳ್ಳನ್ನು ಎಳೆದು ದೊಡ್ಡದು ಮಾಡಬೇಕು, ಉಳಿದದ್ದನ್ನೆಲ್ಲ ಕತ್ತಲಲ್ಲಿ ಬಿಡಬೇಕು. ಮುಳ್ಳಿನ ತುದಿಗೆ ಮಾತ್ರ ಒಂದು ಬಣ್ಣ.

ಎರಡೂ ಗುಂಪಿಗೆ ಸೇರದವರು

ಪೆಟ್ಟಿಗೆ ಮೀನು ನಗು ತರಿಸುತ್ತದೆ. ಬಾಕ್ಸ್ ಫಿಶ್. ಮೈ ಚೌಕ. ಷಟ್ಕೋನದ ಬಿಲ್ಲೆಗಳು ಕೂಡಿಕೊಂಡು ಗಟ್ಟಿ ಕವಚವಾಗಿದೆ. ಮರಿಯಲ್ಲಿ ಹಳದಿ ಮೈಗೆ ಕರಿ ಚುಕ್ಕೆ, ಲೂಡೋ ದಾಳದ ಹಾಗೆ. ಮರ್ಸಿಡಿಸ್ ಬೆಂಝ್ 2005ರಲ್ಲಿ ಇದರ ಆಕಾರ ನೋಡಿ ಒಂದು ಮಾದರಿ ಕಾರನ್ನೇ ಮಾಡಿತ್ತು. ಗಾಬರಿಯಾದರೆ ಇದರ ಚರ್ಮದಿಂದ ವಿಷ ಒಸರುತ್ತದೆ. ಅಕ್ವೇರಿಯಂನಲ್ಲಿ ಹೀಗಾದರೆ ಅಕ್ಕಪಕ್ಕದ ಮೀನುಗಳೆಲ್ಲ ಸಾಯಬಹುದು, ಕೆಲವೊಮ್ಮೆ ಅದೂ ಸಾಯುತ್ತದೆ. ಹೆದರಿ ಬೆವರಿ, ಆ ಬೆವರಿನಿಂದಲೇ ಮನೆಮಂದಿಯನ್ನು ಕೊಲ್ಲುವ ಪ್ರಾಣಿ! ಮಕ್ಕಳ ಕಥೆಗೆ ಇದಕ್ಕಿಂತ ಒಳ್ಳೆಯ ಅಮಾಯಕ ವಿಲನ್ ಯಾರು?

ಕೋರೆಹಲ್ಲು ಬೇಕು ಅನ್ನುವವರಿಗೆ ಫ್ಯಾಂಗ್ ಬ್ಲೆನ್ನಿ ಇದೆ. ಬೆರಳುದ್ದದ ಮೀನು. ಕೆಳ ದವಡೆಯಲ್ಲಿ ಎರಡು ದೊಡ್ಡ ಕೋರೆ. ಯಾರಾದರೂ ನುಂಗಿದರೆ ಬಾಯೊಳಗೇ ಕಚ್ಚುತ್ತದೆ, ಕಚ್ಚಿಸಿಕೊಂಡವನು ಉಗುಳುತ್ತಾನೆ. 2017ರಲ್ಲಿ ಅದರ ವಿಷವನ್ನು ಪರೀಕ್ಷಿಸಿದಾಗ ಅಫೀಮಿನ ಹಾಗೆ ಕೆಲಸ ಮಾಡುವ ಅಂಶ ಸಿಕ್ಕಿತು. ಪ್ರಯೋಗದಲ್ಲಿ ಇಲಿಗಳಿಗೆ ನೋವು ಕಾಣಲಿಲ್ಲ, ರಕ್ತದೊತ್ತಡ ಮಾತ್ರ ಇಳಿಯಿತು. ನೋವೇ ಇಲ್ಲದ ವಿಷ. ಚೇಳಿಗೆ ಎದುರಾಗಿ ನಿಲ್ಲಿಸಲು ಎರಡನೇ ಮೀನು ಬೇಕಾದರೆ ಇದನ್ನು ಇಡಿ.

ವಿಷ ಎಲ್ಲಿಂದ ಬಂತು?

ಮೀನು ಆರಿಸಿದ ಮೇಲೆ ಈ ಪ್ರಶ್ನೆ ಬರುತ್ತದೆ. ಹುಡುಗರ ಮೊದಲ ಕಥೆ ಕೆಜಿಎಫ್‌ನದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ಗುಡ್ಡಗಳು ಇನ್ನೂ ಹಾಗೇ ನಿಂತಿವೆ. ಮೂರು ಕಿಲೋಮೀಟರಿಗೂ ಆಳದ ಗಣಿ, ಒಳಗೆಲ್ಲ ನೀರು, ಆ ನೀರಲ್ಲಿ ಸೈನೈಡ್ ಕುಡಿದು ಬೆಳೆದ ಮೀನು. ಕೇಳಲು ಜೋರಾಗಿದೆ. ಆದರೆ ಸೈನೈಡ್ ಮೀನಿನ ಮೈಯಲ್ಲಿ ಕೂಡಿಕೊಳ್ಳುವ ವಿಷ ಅಲ್ಲ. ತುಸು ಹೆಚ್ಚಾದರೆ ಮೀನು ಸಾಯುತ್ತದೆ, ಅಷ್ಟೇ.

ಕೂಡಿಕೊಳ್ಳುವುದು ಬೇಕಾದರೆ ಫ್ಲೋರೈಡ್ ಇದೆಯಲ್ಲ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಕೋಲಾರ, ಚಿಕ್ಕಬಳ್ಳಾಪುರದ ಜನ ಅದರ ಜೊತೆ ಬದುಕಿದ್ದಾರೆ. ಹಲ್ಲಿನ ಕಂದು ಕಲೆ, ಬಗ್ಗದ ಮಂಡಿ ನೋಡದ ಹಳ್ಳಿ ಇಲ್ಲ. ಫ್ಲೋರೈಡ್ ಹೋಗಿ ಸೇರುವುದು ಮೂಳೆಗೆ. ವರ್ಷ ವರ್ಷ ಮುಳ್ಳು ದಪ್ಪವಾಗುತ್ತಾ, ಈಜಲು ಭಾರವಾಗುತ್ತಾ, ಕೊನೆಗೆ ತಳ ಬಿಟ್ಟು ಏಳಲಾಗದ ಒಂದು ಮುದಿ ಚೇಳು ಮೀನು. ಇದು ಕಥೆಯೇ, ವಿಜ್ಞಾನ ಅಂತ ಯಾರೂ ತಿಳಿಯಬೇಡಿ. ಆದರೆ ಇಂಥ ಕಥೆಯನ್ನು ನಮ್ಮ ಕಡೆಯವರು ಮಾತ್ರ ಬರೆಯಬಲ್ಲರು. ಕುಂಟುವ ಅಜ್ಜನ ಪಕ್ಕ ಕುಂಟುವ ಮೀನು.

ಕಳೆದ ವಾರ ಅಕ್ಕನ ಮಗ ಹೊಸ ಚಿತ್ರ ಕಳಿಸಿದ. ಕತ್ತಲು ಕೆರೆ. ಎಂಟು ಮೀಸೆ, ಎರಡು ಭಾರಿ ಮುಳ್ಳು, ತುದಿಯಲ್ಲಿ ಅರಿಶಿನದ ಬಣ್ಣ. ಪಟ್ಟೆ ಹೋಗಿದೆ, ಕೋರೆಹಲ್ಲು ಹೋಗಿದೆ, ಬಾಲದ ಕೊಂಡಿ ಹೋಗಿದೆ. ಬಿಸಿನೀರಿನ ಹಂಡೆ ದಡದಲ್ಲಿ ಇದೆ. ಹಸಿರು ಹೊಗೆ ಮಾತ್ರ ಹಾಗೇ ಇತ್ತು. ಫೋನ್ ಮಾಡಿ ಅದೊಂದನ್ನು ಯಾಕೆ ಬಿಟ್ಟೆ ಅಂತ ಕೇಳಿದೆ.

"ಅದು ಹೊಗೆಯಲ್ಲ ಮಾವ. ಗಾಳಿ ನುಂಗಲು ಮೇಲೆ ಬಂದಿದ್ದಾನೆ."